ಟೆಲಿ ಜೂಮ್: ಕಂಪನಿ ಲೆನ್ಸೋ, ಥರ್ಡ್ ಪಾರ್ಟಿಯೋ? ಬೆಲೆ ಕೇಳುವ ಮುಂಚೆ ಮಾಡಬೇಕಾದ ಕೆಲಸಗಳು

ನವಿ ಮುಂಬಯಿ ಐರೋಲಿಯ ಫ್ಲೆಮಿಂಗೊ ನೋಡುವ ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಇಡೀ ಹೊತ್ತು ಲೆನ್ಸಿನ ಉಂಗುರ ತಿರುಗಿಸುತ್ತಲೇ ಇದ್ದ. ಡೊಂಬಿವಲಿಯವನು, ಮನೆಮಾತು ಕನ್ನಡ. "ಆಟೋಫೋಕಸ್ ಕೆಟ್ಟಿದೆ ಅಂಕಲ್, ಮೊನ್ನೆಯಷ್ಟೇ ತಗೊಂಡಿದ್ದು" ಅಂದ. ಇಸಿದುಕೊಂಡು ನೋಡಿದೆ. ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, ನಿಕಾನ್ ಡಿ5600. ಲೆನ್ಸೂ ನಿಕಾನಿನದ್ದೇ, ಹಳೇ ಎಎಫ್ 80-200 ಎಫ್/2.8 ಡಿ. ಏನೂ ಕೆಟ್ಟಿರಲಿಲ್ಲ. ಆ ಲೆನ್ಸಿನೊಳಗೆ ಫೋಕಸ್ ಮೋಟರ್ ಇಲ್ಲ, ಆ ಬಾಡಿಯೊಳಗೂ ಇಲ್ಲ. ಕೈಯಲ್ಲಿ ತಿರುಗಿಸದೆ ಬೇರೆ ದಾರಿಯೇ ಇಲ್ಲ. "ಥರ್ಡ್ ಪಾರ್ಟಿ ಬೇಡ, ಕಂಪನಿದೇ ತಗೋ" ಅಂತ ಯಾರೋ ಹೇಳಿದ್ದನ್ನು ನಂಬಿ ತಗೊಂಡಿದ್ದನಂತೆ.

ಇಂಥವರು ನನಗೆ ಮತ್ತೆ ಮತ್ತೆ ಸಿಗುತ್ತಾರೆ. ಲೆನ್ಸ್ ಕೊಂಡ ಮೇಲೆ ಫೋನ್ ಮಾಡುತ್ತಾರೆ. ಎಲ್ಲರೂ ಮಾಡುವ ತಪ್ಪು ಒಂದೇ. ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಹೆಸರು ನೋಡುತ್ತಾರೆ, ತಮ್ಮ ಬಾಡಿಗೆ ಅದು ಹೊಂದುತ್ತದೆಯೇ ಅನ್ನುವುದು ಎಲ್ಲಕ್ಕಿಂತ ಕೊನೆಗೆ. ಇಲ್ಲಿ ಆ ಕ್ರಮವನ್ನು ತಲೆಕೆಳಗು ಮಾಡಿದ್ದೇನೆ. ಹಂತಗಳನ್ನು ಹಾರಿಸಿ ಓದಬೇಡಿ. ಮೂರನೆಯದು ಬೇಜಾರು ಅಂತ ಆರನೆಯದಕ್ಕೆ ಹೋದರೆ ಮತ್ತೆ ಮೂರಕ್ಕೇ ಬರಬೇಕಾಗುತ್ತದೆ.

ಟೆಲಿ ಜೂಮ್ ಅಂದರೆ ದೂರದ್ದನ್ನು ಹತ್ತಿರ ತೋರಿಸುವ, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಲೆನ್ಸ್. ಕ್ಯಾನನ್ ಬಾಡಿಗೆ ಕ್ಯಾನನ್, ಸೋನಿ ಬಾಡಿಗೆ ಸೋನಿ ಲೆನ್ಸ್ ಆದರೆ ಇಲ್ಲಿ ಅದು ಕಂಪನಿ ಲೆನ್ಸ್. ಸಿಗ್ಮಾ, ಟ್ಯಾಮ್ರಾನ್‌ನಂಥವರು ಬೇರೆಯವರ ಬಾಡಿಗೆ ಮಾಡಿದ್ದು ಥರ್ಡ್ ಪಾರ್ಟಿ.

ಮೊದಲು ಸಾಮಾನು ಕೂಡಿಸಿಕೊಳ್ಳಿ

ಖರ್ಚಿನದ್ದೇನೂ ಇಲ್ಲ. ನಿಮ್ಮದೇ ಬಾಡಿ, ಪೂರ್ತಿ ಚಾರ್ಜ್ ಆದ ಎರಡು ಬ್ಯಾಟರಿ, ಖಾಲಿ ಕಾರ್ಡ್. ಫೋಟೋ ದೊಡ್ಡದು ಮಾಡಿ ನೋಡಲು ಲ್ಯಾಪ್‌ಟಾಪ್. ಟಾರ್ಚ್ ಇರುವ ಫೋನ್. ಸಣ್ಣ ಅಕ್ಷರದ ಒಂದು ದಿನಪತ್ರಿಕೆ. ಅಡುಗೆಮನೆಯ ತೂಕದ ಯಂತ್ರ ಇದ್ದರೆ ಒಳ್ಳೇದು. ಒಂದು ಚೀಟಿಯಲ್ಲಿ ನಿಮ್ಮ ಬಾಡಿಯ ಪೂರ್ತಿ ಮಾಡೆಲ್ ಹೆಸರು ಬರೆದಿಟ್ಟುಕೊಳ್ಳಿ. "ಕ್ಯಾನನ್ ಇದೆ" ಅಂದರೆ ಸಾಲದು. ಕ್ಯಾನನ್ 200ಡಿ ಬೇರೆ, ಕ್ಯಾನನ್ ಆರ್10 ಬೇರೆ.

ಹಂತ 1: ನಿಮ್ಮ ಹಳೇ ಫೋಟೋಗಳನ್ನು ತೆಗೆದು ನೋಡಿ

ಕಳೆದ ಒಂದು ವರ್ಷದ ಫೋಟೋಗಳಲ್ಲಿ ನಿಮಗೆ ಬೇಸರ ತಂದ ಇನ್ನೂರನ್ನು ಆರಿಸಿ. ಚೆನ್ನಾಗಿ ಬಂದವು ಈಗ ಬೇಡ. ಪ್ರತಿ ಫೈಲಿನ ವಿವರದಲ್ಲಿ ಎಷ್ಟು ಎಂಎಂ (ಲೆನ್ಸಿನ ಉದ್ದ, ಜಾಸ್ತಿಯಾದಷ್ಟೂ ದೂರದ್ದು ಹತ್ತಿರ), ಎಷ್ಟು ಶಟರ್ (ಬೆಳಕು ಒಳಬಿಡುವ ಹೊತ್ತು, ಸೆಕೆಂಡಿನ ಪಾಲಿನಲ್ಲಿ), ಎಷ್ಟು ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಅಳತೆ) ಅಂತ ಇರುತ್ತದೆ. ಸುಮ್ನೆ ಗೆರೆ ಎಳೆದು ಮೂರು ಗುಂಪು ಮಾಡಿ: ದೂರ ಸಾಲಲಿಲ್ಲ, ಬೆಳಕು ಸಾಲಲಿಲ್ಲ, ಫೋಕಸ್ ತಪ್ಪಿತು.

ದೂರದ ಲೆಕ್ಕ ಸುಲಭ. 300 ಎಂಎಂನಲ್ಲಿ ತೆಗೆದು, ಆಮೇಲೆ ಅಗಲದಲ್ಲಿ ಅರ್ಧ ಕತ್ತರಿಸಿದ್ದರೆ ನಿಮಗೆ ಆವತ್ತು ಬೇಕಿದ್ದದ್ದು 600. ಮೂರನೇ ಒಂದು ಪಾಲು ಮಾತ್ರ ಕತ್ತರಿಸಿದ್ದರೆ 450 ಸಾಕಿತ್ತು. ಹೀಗೆ ಇಪ್ಪತ್ತು ಫೋಟೋ ನೋಡಿದರೆ ನಿಮ್ಮ ಸಂಖ್ಯೆ ತಾನೇ ಸಿಗುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಬೆಳಕಿನ ತೊಂದರೆಯನ್ನು ದೂರದ ತೊಂದರೆ ಅಂದುಕೊಳ್ಳುತ್ತಾರೆ. ಮಾಟುಂಗದ ಸಭಾಂಗಣದಲ್ಲಿ ಯಕ್ಷಗಾನ ತೆಗೆದು, "ಮಸುಕಾಗಿದೆ, 600 ಬೇಕು" ಅನ್ನುತ್ತಾರೆ. ನಾಲ್ಕನೇ ಸಾಲಿನಲ್ಲಿ ಕೂತವರಿಗೆ 200 ಸಾಕು ಸ್ವಾಮಿ. ಮಸುಕಾಗಿದ್ದು ಶಟರ್ 1/100ಕ್ಕೆ ಇಳಿದಿದ್ದರಿಂದ. ವೇಷ ದಿಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹಾಕುವಾಗ 1/100ರಲ್ಲಿ ಯಾವ ಲೆನ್ಸೂ ಅದನ್ನು ಹಿಡಿಯುವುದಿಲ್ಲ.

ಜಾಗವನ್ನೂ ಬರೆದುಕೊಳ್ಳಿ. ಐರೋಲಿ, ನೆರುಳ್‌ನ ಕೊಲ್ಲಿ ಬದಿಯಲ್ಲಿ ಹಕ್ಕಿಗಳು ದೂರ, ಬೆಳಕು ಧಾರಾಳ. ಪುಣೆಯಾಚೆ ಉಜನಿ ಹಿನ್ನೀರಿನ ಭಿಗ್ವಣ್‌ನಲ್ಲಿ ಮೀನುಗಾರರ ದೋಣಿ ಹಕ್ಕಿಗಳ ಹತ್ತಿರಕ್ಕೇ ಹೋಗುತ್ತದೆ, 400ರಲ್ಲಿ ಚೌಕಟ್ಟು ತುಂಬುತ್ತದೆ. ಗೋವಾದ ಮೊಲೆಂ, ಬೊಂಡ್ಲಾ ಕಾಡಿನೊಳಗೆ ಹಕ್ಕಿ ಹತ್ತಿರವೇ ಇರುತ್ತದೆ, ಬೆಳಕೇ ಇರುವುದಿಲ್ಲ. ಒಂದೇ ಲೆನ್ಸ್ ಈ ಮೂರೂ ಕಡೆ ಸಲ್ಲುವುದಿಲ್ಲ. ನೀವು ಜಾಸ್ತಿ ಹೋಗುವುದು ಎಲ್ಲಿಗೆ? ಹೋಗಬೇಕು ಅಂತ ಆಸೆ ಇರುವ ಜಾಗ ಇಲ್ಲಿ ಲೆಕ್ಕಕ್ಕಿಲ್ಲ.

ಹಂತ 2: ಮೌಂಟ್ ನೋಡಿ, ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ

ಮೌಂಟ್ ಅಂದರೆ ಲೆನ್ಸು ಬಾಡಿಗೆ ಕೂರುವ ಬಾಯಿ. ಇದಕ್ಕೆ ಹೆಚ್ಚು ಹೊತ್ತು ಕೊಡಿ. ಕಂಪನಿಯೋ ಥರ್ಡ್ ಪಾರ್ಟಿಯೋ ಅನ್ನುವ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬಾಡಿಗೊಂದು ಉತ್ತರ ಇದೆ.

ಕ್ಯಾನನ್ ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಅಂದರೆ ಇಎಫ್ ಮೌಂಟ್: ಇಲ್ಲಿ ಎರಡೂ ಕಡೆ ಬೇಕಾದಷ್ಟು ಆಯ್ಕೆ ಇದೆ. ಕಂಪನಿಯ 100-400 ಎಲ್ ಎರಡನೇ ಆವೃತ್ತಿ, ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್ 150-600 ಜಿ2 (ಎರಡನೇ ಪೀಳಿಗೆ), ಎಲ್ಲವೂ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುತ್ತಿವೆ. ಕೆಲವು ಹಳೇ ಥರ್ಡ್ ಪಾರ್ಟಿ ಲೆನ್ಸ್ ಹಾಕಿದಾಗ ಬಾಡಿಯೊಳಗಿನ ಲೆನ್ಸ್ ಕರೆಕ್ಷನ್ (ಲೆನ್ಸಿನ ಕುಂದು ತಿದ್ದುವ ಸೌಲಭ್ಯ) ಆಫ್ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ಬಾಡಿ ಅದನ್ನು ತನ್ನದೇ ಲೆನ್ಸ್ ಅಂದುಕೊಂಡು ಫೋಟೋದ ಮೇಲೆ ವಿಚಿತ್ರ ಬಳೆಗಳನ್ನು ಮೂಡಿಸುತ್ತದೆ.

ಕ್ಯಾನನ್ ಆರ್ ಸರಣಿ (ಕನ್ನಡಿ ಇಲ್ಲದ ಮಿರರ್‌ಲೆಸ್ ಬಾಡಿ, ಆರ್‌ಎಫ್ ಮೌಂಟ್): ಇಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಏಳುವುದೇ ಇಲ್ಲ. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಎರಡೂ ಲೈಸೆನ್ಸ್ ಪಡೆದು ಆರ್‌ಎಫ್ ಮೌಂಟಿಗೆ ಬಂದವು. ಆದರೆ ಶುರು ಮಾಡಿದ್ದು ಸಣ್ಣ ಸೆನ್ಸರ್‌ನ ಬಾಡಿಗೆ, ಅದೂ ಕಡಿಮೆ ಉದ್ದದ ಜೂಮ್‌ಗಳಿಂದ. 400, 600ರಂಥ ಉದ್ದದ ಜೂಮ್ ಬೇಕೆಂದರೆ ಕಂಪನಿಯ ಆರ್‌ಎಫ್ ಲೆನ್ಸ್ ಕೊಳ್ಳಬೇಕು, ಇಲ್ಲವೇ ಅಡಾಪ್ಟರ್ (ಲೆನ್ಸಿಗೂ ಬಾಡಿಗೂ ನಡುವೆ ಕೂರುವ ಉಂಗುರ) ಹಾಕಿ ಹಳೇ ಇಎಫ್ ಲೆನ್ಸ್ ಬಳಸಬೇಕು. ಕಂಪನಿಯ ಅಡಾಪ್ಟರ್ ಒಳಗೆ ಗಾಜಿಲ್ಲ, ಹಾಗಾಗಿ ಫೋಟೋ ಗುಣ ಇಳಿಯುವುದಿಲ್ಲ. ಆದರೆ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್ ಅಡಾಪ್ಟರಿನ ಮೇಲೆ ಸರಿಯಾಗಿ ನಡೆಯಲು ಹೊಸ ಫರ್ಮ್‌ವೇರ್ (ಲೆನ್ಸಿನೊಳಗಿನ ತಂತ್ರಾಂಶ) ಬೇಕಾಗಬಹುದು. ಅದನ್ನು ಹಾಕಲು ಸಿಗ್ಮಾಗೆ ಯುಎಸ್‌ಬಿ ಡಾಕ್, ಟ್ಯಾಮ್ರಾನ್‌ಗೆ ಟ್ಯಾಪ್-ಇನ್ ಕನ್ಸೋಲ್ ಅನ್ನುವ ಬೇರೆ ಬಿಲ್ಲೆ ಬೇಕು. ಟ್ಯಾಮ್ರಾನಿನ ಮೊದಲ 150-600ಕ್ಕೆ, ಅಂದರೆ ಜಿ2ಗಿಂತ ಹಿಂದಿನದಕ್ಕೆ, ಈ ಬಿಲ್ಲೆ ಹಾಕಲು ಬರುವುದಿಲ್ಲ. ಸಿಗ್ಮಾದ ಹಳೇ 150-500ಕ್ಕೂ ಅಷ್ಟೇ. ಅಗ್ಗಕ್ಕೆ ಸಿಗುತ್ತದೆ ಅಂತ ಇವೆರಡರ ಮೇಲೆ ಕೈ ಹಾಕುವ ಆರ್ ಬಾಡಿಯವರು ಮೊದಲು ತಮ್ಮ ಬಾಡಿಯ ಮೇಲೆ ನಡೆಸಿ ನೋಡಲಿ.

ನಿಕಾನ್ ಡಿಎಸ್‌ಎಲ್‌ಆರ್: ಬಲೆಗಳು ಜಾಸ್ತಿ ಇರುವುದು ಇಲ್ಲಿ, ಅದೂ ಕಂಪನಿ ಲೆನ್ಸುಗಳಲ್ಲೇ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ, ಆದ್ದರಿಂದ ಮೋಟರ್ ಇಲ್ಲದ ಹಳೇ ಲೆನ್ಸ್ ಅವುಗಳಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ. ತಿರುಗಾಮುರುಗಾ ತೊಂದರೆಯೂ ಇದೆ. ಎಎಫ್-ಪಿ ಅಂತ ಬರೆದಿರುವ ಹೊಸ 70-300 ಹಳೇ ಡಿ90 ಮೇಲೆ ಫೋಕಸ್ ಆಗುವುದಿಲ್ಲ. ಹೆಸರಿನ ಕೊನೆಗೆ ಇ ಇರುವ 200-500 ಎಫ್/5.6ಇ ಲೆನ್ಸಿನ ಅಪರ್ಚರನ್ನು (ಬೆಳಕು ಒಳಬಿಡುವ ರಂಧ್ರವನ್ನು) ಡಿ90 ನಡೆಸಲಾರದು. ಒಂದೇ ಕಂಪನಿ, ಒಂದೇ ಮೌಂಟ್, ಆದರೂ ಹೊಂದುವುದಿಲ್ಲ.

ನಿಕಾನ್ ಜೆಡ್ (ಮಿರರ್‌ಲೆಸ್): ಕಂಪನಿಯ 180-600 ಇದೆ, ಟ್ಯಾಮ್ರಾನ್ 150-500 ಕೂಡ 2023ರಿಂದ ಈ ಮೌಂಟಿನಲ್ಲಿ ಸಿಗುತ್ತಿದೆ. ಎಫ್‌ಟಿಜೆಡ್ ಅಡಾಪ್ಟರ್ ಹಾಕಿ ಹಳೇ ಲೆನ್ಸ್ ಬಳಸಬಹುದು. ಆದರೆ ಅಡಾಪ್ಟರಿನಲ್ಲೂ ಮೋಟರ್ ಇಲ್ಲ. ದೋಣಿಯ ಹುಡುಗ ನಾಳೆ ಜೆಡ್ ಬಾಡಿ ಕೊಂಡರೂ ಅವನ 80-200 ಕೈಯಲ್ಲೇ ತಿರುಗಬೇಕು.

ಸೋನಿ ಇ ಮೌಂಟ್ (ಇದೂ ಮಿರರ್‌ಲೆಸ್): ಥರ್ಡ್ ಪಾರ್ಟಿಗೆ ಬಾಗಿಲು ತೆರೆದಿರುವ ಮನೆ ಇದು. ಎರಡು ಷರತ್ತು ಮಾತ್ರ ನೆನಪಿಡಿ. ಥರ್ಡ್ ಪಾರ್ಟಿ ಲೆನ್ಸ್ ಹಾಕಿದಾಗ ಸೆಕೆಂಡಿಗೆ 15 ಫ್ರೇಮ್‌ಗಿಂತ ಜಾಸ್ತಿ ಓಡುವುದಿಲ್ಲ. ಟೆಲಿಕನ್ವರ್ಟರ್ (ಉದ್ದ ಹೆಚ್ಚಿಸಲು ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಗಾಜು) ಹಾಕಲು ಬರುವುದಿಲ್ಲ. ನಿಮ್ಮ ಬಾಡಿಯೇ 10 ಫ್ರೇಮಿನದ್ದಾದರೆ ಮೊದಲ ಷರತ್ತು ನಿಮಗೆ ಸಂಬಂಧವೇ ಇಲ್ಲ. ಸೋನಿಯಲ್ಲಿ ಜನ ನಿಜವಾಗಿ ಎಡವುವುದು ಬೇರೆ ಕಡೆ. ಟ್ಯಾಮ್ರಾನ್ 70-300ರಲ್ಲಿ ಸ್ಟೆಬಿಲೈಸರ್ ಇಲ್ಲ. ಎ6000, ಎ6400 ಬಾಡಿಗಳಲ್ಲೂ ಇಲ್ಲ. ಎರಡನ್ನೂ ಸೇರಿಸಿದರೆ ಕೈ ನಡುಕ ತಡೆಯುವವರು ಯಾರೂ ಇಲ್ಲ. ಅದೇ ಬಾಡಿಗೆ ಕಂಪನಿಯ 70-350 ಹಾಕಿದರೆ ಸ್ಟೆಬಿಲೈಸರ್ ಲೆನ್ಸಿನೊಳಗೇ ಬರುತ್ತದೆ.

ಎಚ್ಚರಿಕೆಯ ಗುರುತು: ಅಂಗಡಿಯವರು "ಎಲ್ಲಾ ಬಾಡಿಗೂ ಆಗುತ್ತೆ ಸಾರ್" ಅಂದರೆ ಚೀಟಿ ಹೊರಗೆ ತೆಗೆಯಿರಿ. ಮಾಡೆಲ್ ಹೆಸರು ತೋರಿಸಿ, ಲೆನ್ಸ್ ತಯಾರಿಸಿದವರ ಹೊಂದಾಣಿಕೆ ಪಟ್ಟಿಯಲ್ಲಿ ಆ ಹೆಸರು ಇದೆಯೇ ಅಂತ ಫೋನಿನಲ್ಲಿ ಅಲ್ಲೇ ನೋಡಿ.

ಹಂತ 3: ಬೆಳಕಿನ ಲೆಕ್ಕ

ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಇಷ್ಟು ಎಲ್ಲರಿಗೂ ಗೊತ್ತು, ಆದರೆ ಅಂಕಿ ಹಾಕಿ ನೋಡಿದವರು ಕಡಿಮೆ. ಯಕ್ಷಗಾನದ ರಂಗದಲ್ಲಿ ಎಫ್/2.8, 1/500 ಇಟ್ಟಾಗ ಐಎಸ್‌ಒ 1600 ಬಂತು ಅಂದುಕೊಳ್ಳಿ. ಅದೇ ಜಾಗದಲ್ಲಿ ಎಫ್/5.6 ಲೆನ್ಸ್ ಇದ್ದರೆ ಐಎಸ್‌ಒ 6400 ಆಗಬೇಕು. ಎಫ್/6.3 ಇದ್ದರೆ 8000. ಐಎಸ್‌ಒ ಏರಿದಷ್ಟೂ ಫೋಟೋದಲ್ಲಿ ಕಾಳುಕಾಳು ಚುಕ್ಕೆ ಏಳುತ್ತವೆ. ಬಣ್ಣದ ವೇಷದ ಮುಖದ ಚುಟ್ಟಿಯಲ್ಲಿ ಅಷ್ಟು ಕಾಳು ಕಂಡರೆ ಮನಸ್ಸಿಗೆ ಹಿಡಿಸುವುದಿಲ್ಲ.

ಬೆಳಗಿನ ಬಿಸಿಲಿನ ಐರೋಲಿಯಲ್ಲಿ ಇದೇ ಎಫ್/6.3ರಿಂದ ಏನೂ ತೊಂದರೆ ಇಲ್ಲ. 1/1600 ಇಟ್ಟರೂ ಐಎಸ್‌ಒ ಕೆಲವು ನೂರರಲ್ಲೇ ಇರುತ್ತದೆ. ಎಫ್/5.6ಕ್ಕೂ ಎಫ್/6.3ಕ್ಕೂ ಇರುವ ಅಂತರ ಮೂರನೇ ಒಂದು ಸ್ಟಾಪ್ ಮಾತ್ರ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). "ಕಂಪನಿದು 5.6, ಇದು 6.3" ಅಂತ ಆ ಒಂದು ಕಾರಣಕ್ಕೆ ಎಷ್ಟೋ ಸಾವಿರ ಜಾಸ್ತಿ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಎಫ್/2.8ಕ್ಕೂ ಎಫ್/5.6ಕ್ಕೂ ಇರುವುದು ಎರಡು ಸ್ಟಾಪ್, ನಾಲ್ಕು ಪಟ್ಟು. ಅಲ್ಲಿ ದುಡ್ಡು ಹಾಕಿ.

ಡಬ್ಬಿಯ ಮೇಲೆ ಎಫ್/4.5-6.3 ಅಂತ ಎರಡು ಸಂಖ್ಯೆ ಇದ್ದರೆ ಎರಡನೆಯದನ್ನೇ ಓದಿ. ಟೆಲಿ ಜೂಮನ್ನು ನೀವು ಬಳಸುವುದು ಹೆಚ್ಚಾಗಿ ಉದ್ದದ ತುದಿಯಲ್ಲಿ. ಅಲ್ಲಿ ಸಿಗುವುದು ಎರಡನೇ ಸಂಖ್ಯೆಯ ಬೆಳಕು.

ಹಂತ 4: ತೂಕ

ಸೋನಿ 200-600 ಕಾಲು (ಟ್ರೈಪಾಡಿಗೆ ಕೂರಿಸುವ ಪಟ್ಟಿ, ಅದೇ ಕಾಲರ್) ಬಿಟ್ಟು 2115 ಗ್ರಾಂ. ನಿಕಾನ್ 200-500 ಕಾಲರ್ ಸೇರಿ 2300. ಸಿಗ್ಮಾ 150-600 ಕಂಟೆಂಪರರಿ 1930, ಅದರ ಹಳೇ ಸ್ಪೋರ್ಟ್ಸ್ ಅಣ್ಣ 2860. ಕ್ಯಾನನ್ ಆರ್‌ಎಫ್ 100-400 ಬರೀ 635.

ಎರಡು ಕಿಲೋ ಅಕ್ಕಿಯನ್ನು ಚೀಲಕ್ಕೆ ಹಾಕಿ, ಎದೆಗೆ ಕಟ್ಟಿಕೊಂಡು, ಬೆಳಗ್ಗೆ ಎಂಟರ ಲೋಕಲ್‌ನಲ್ಲಿ ಠಾಣೆಯವರೆಗೆ ನಿಂತು ಹೋಗಿ ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ನನ್ನ ಮೊದಲ ಭಾರದ ಲೆನ್ಸ್ ಆರು ತಿಂಗಳು ಕಪಾಟಿನಲ್ಲೇ ಮಲಗಿತ್ತು.

ಹಂತ 5: ಎರಡೇ ಹೆಸರು ಉಳಿಸಿ

ಈ ನಾಲ್ಕು ಹಂತ ದಾಟಿದರೆ ಪಟ್ಟಿ ತಾನಾಗಿ ಸಣ್ಣದಾಗುತ್ತದೆ. ಕಂಪನಿಯದ್ದು ಒಂದು, ಥರ್ಡ್ ಪಾರ್ಟಿಯದ್ದು ಒಂದು ಉಳಿಸಿಕೊಳ್ಳಿ. ಮೂರನೆಯದನ್ನು ಸೇರಿಸಬೇಡಿ, ತಲೆ ಕೆಡುತ್ತದೆ. ನನ್ನ ಒಲವು ಹೀಗಿದೆ, ಒಪ್ಪದಿದ್ದರೂ ಸರಿ.

ಡಿಎಸ್‌ಎಲ್‌ಆರ್ ಇಟ್ಟುಕೊಂಡೇ ಹಕ್ಕಿ ತೆಗೆಯುವವರಿಗೆ ಥರ್ಡ್ ಪಾರ್ಟಿ 150-600. ಹಳೇ ಮೌಂಟಿಗೆ ಕಂಪನಿಯ ದುಬಾರಿ ಹೊಸ ಲೆನ್ಸ್ ಕೊಳ್ಳುವ ಕಾಲ ಮುಗಿಯಿತು.

ಸೋನಿ ಅಥವಾ ನಿಕಾನ್ ಜೆಡ್‌ನಲ್ಲಿ ಹಕ್ಕಿ ತೆಗೆಯುವವರು ಮೊದಲು ಕಂಪನಿಯ 200-600 ಅಥವಾ 180-600 ನೋಡಿ. ಇವೆರಡೂ ಜೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಒಳಗೇ ಚಲಿಸುತ್ತವೆ. ಟ್ರೈಪಾಡ್ ಮೇಲೆ ತೂಕ ಅಷ್ಟಾಗಿ ಅತ್ತಿತ್ತ ಆಗುವುದಿಲ್ಲ. ಹೊರಕ್ಕೆ ಚಾಚುವ ಲೆನ್ಸ್ ಪ್ರತಿ ಸಲ ಗಾಳಿಯನ್ನು ಒಳಗೆ ಎಳೆಯುತ್ತದೆ, ನಮ್ಮ ಕಡಲ ಬದಿಯ ತೇವದ ಗಾಳಿಯನ್ನು. ಚೀಲ ಸಣ್ಣದಿರಬೇಕು ಅನ್ನುವವರಿಗೆ ಮಾತ್ರ ಟ್ಯಾಮ್ರಾನ್ 150-500. ಕಾಲು ತೆಗೆದರೆ ಸೋನಿ ಮೌಂಟಿನಲ್ಲಿ 1725 ಗ್ರಾಂ, ಮುಚ್ಚಿದಾಗ ಮೋಟು.

ರಂಗ, ಮದುವೆ, ಮಕ್ಕಳ ಕಾರ್ಯಕ್ರಮ ತೆಗೆಯುವವರಿಗೆ ಎಫ್/2.8 ಥರ್ಡ್ ಪಾರ್ಟಿ. ಡಿಎಸ್‌ಎಲ್‌ಆರ್‌ಗೆ ಟ್ಯಾಮ್ರಾನ್ 70-200 ಜಿ2 ಇದೆ. ಸೋನಿಗೆ ಟ್ಯಾಮ್ರಾನ್ 70-180 ಎಫ್/2.8 ಇದೆ. ಅದರ 2020ರ ಮೊದಲ ಆವೃತ್ತಿಯಲ್ಲಿ ಸ್ಟೆಬಿಲೈಸರ್ ಇಲ್ಲ, 2023ರ ಎರಡನೆಯದರಲ್ಲಿ ಇದೆ. ಕೇಳುವಾಗ ಬಾಯಿ ಬಿಟ್ಟು "ಜಿ2" ಅಂತ ಹೇಳಿ. ದಿನಕ್ಕೆ ಮೂರು ಕಾರ್ಯಕ್ರಮ ಮಾಡಿ ಹೊಟ್ಟೆ ಹೊರೆಯುವವರ ಮಾತು ಬೇರೆ. ಒಂದು ದಿನ ಲೆನ್ಸ್ ನಿಂತರೆ ಅವರ ಮಾನ ಹೋಗುತ್ತದೆ. ಅವರು ಕಂಪನಿದೇ ತಗೊಂಡು ಅದರ ಸರ್ವಿಸ್ ಸೆಂಟರ್ ಹತ್ತಿರ ಇರಲಿ.

ಹಂತ 6: ಎರಡು ದಿನ ಬಾಡಿಗೆಗೆ ತನ್ನಿ

ಮುಂಬಯಿ, ಪುಣೆಯಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಗುರುತಿನ ಚೀಟಿ, ಠೇವಣಿ ಕೇಳುತ್ತಾರೆ. ಶನಿವಾರ ತಂದು ಸೋಮವಾರ ಕೊಡಿ. ಬಾಡಿಗೆಯ ದುಡ್ಡು ದಂಡ ಅನ್ನಿಸಬಹುದು. ಆದರೆ ತಪ್ಪು ಲೆನ್ಸ್ ಕೊಂಡು ಮಾರುವಾಗ ಕಳೆಯುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಎರಡೂ ಲೆನ್ಸನ್ನು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಒಯ್ಯಿರಿ. ಒಂದನ್ನು ಬೆಳಗ್ಗೆ ಏಳಕ್ಕೆ, ಇನ್ನೊಂದನ್ನು ಹನ್ನೊಂದಕ್ಕೆ ನೋಡಿದರೆ ಎರಡನೆಯದಕ್ಕೆ ಅನ್ಯಾಯ. ಬಿಸಿಲೇರಿದ ಮೇಲೆ ಕೆಸರು, ನೀರಿನ ಮೇಲಿನ ಗಾಳಿ ಕುದಿಯುವ ಹಾಗೆ ನಡುಗುತ್ತದೆ. ಇನ್ನೂರು ಮೀಟರ್ ಆಚೆಯ ಫ್ಲೆಮಿಂಗೊ ಯಾವ ಲೆನ್ಸಿನಲ್ಲೂ ಚೂಪಾಗಿ ಬರುವುದಿಲ್ಲ. "ಥರ್ಡ್ ಪಾರ್ಟಿ ಸಾಫ್ಟ್" ಅಂತ ನನಗೆ ತೋರಿಸಲು ತಂದ ಫೋಟೋಗಳಲ್ಲಿ ಎಷ್ಟೋ ಹೀಗೆ ಬಿಸಿಗಾಳಿಯವೇ. ಗುರುತು ಹಿಡಿಯುವುದು ಸುಲಭ. ಒಂದೇ ಕಡೆ ಹತ್ತು ಫೋಟೋ ತೆಗೆಯಿರಿ. ಹತ್ತರಲ್ಲೂ ಮಸುಕಿನ ಆಕಾರ ಬೇರೆ ಬೇರೆ ಇದ್ದರೆ ಅದು ಗಾಳಿ. ಗಟ್ಟಿ ನಿಲ್ಲಿಸಿ ತೆಗೆದರೂ ಹತ್ತೂ ಒಂದೇ ಥರ ಮಸುಕಾಗಿದ್ದರೆ ಲೆನ್ಸ್ ಅಥವಾ ಫೋಕಸ್.

ಉಂಗುರ ಯಾವ ಕಡೆ ತಿರುಗುತ್ತದೆ ಅಂತಲೂ ನೋಡಿ. ಥರ್ಡ್ ಪಾರ್ಟಿ ಲೆನ್ಸಿನ ಜೂಮ್ ಉಂಗುರ ನಿಮ್ಮ ಕಂಪನಿಯದಕ್ಕೆ ಉಲ್ಟಾ ತಿರುಗಬಹುದು. ಮನೆಯಲ್ಲಿ ಕೂತಾಗ ಇದು ಸಣ್ಣ ಮಾತು. ಮಿಂಚುಳ್ಳಿ ನೀರಿಗೆ ಧುಮುಕುವಾಗ ಅಲ್ಲ.

ಹಂತ 7: ಅಂಗಡಿಯಲ್ಲಿ ನಿಮ್ಮ ಕೈಗೆ ಬಂದ ಲೆನ್ಸನ್ನೇ ಪರೀಕ್ಷಿಸಿ

ಒಂದೇ ಮಾಡೆಲಿನ ಎರಡು ಲೆನ್ಸ್ ಒಂದೇ ಥರ ಇರುವುದಿಲ್ಲ. ನಿಮ್ಮ ಗೆಳೆಯನದ್ದು ಚೆನ್ನಾಗಿದ್ದ ಮಾತ್ರಕ್ಕೆ ನಿಮ್ಮದೂ ಚೆನ್ನಾಗಿರಬೇಕು ಅಂತಿಲ್ಲ. ಹಾಗಾಗಿ ಅಂಗಡಿಗೆ ಹೋಗಿ ಕೊಳ್ಳಿ ಅನ್ನುತ್ತೇನೆ. ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಬೋರಾ ಬಜಾರಿನ ಗಲ್ಲಿಯಲ್ಲಿ ಕ್ಯಾಮೆರಾ ಅಂಗಡಿಗಳು ಸಾಲಾಗಿವೆ. ಜನ ಕಡಿಮೆ ಇರುವ ಹೊತ್ತಿಗೆ ಹೋಗಿ, "ಬಾಡಿ ತಂದಿದ್ದೇನೆ, ಹದಿನೈದು ನಿಮಿಷ ನೋಡಿಕೊಳ್ತೇನೆ" ಅಂತ ಮೊದಲೇ ಹೇಳಿ. ಆಗುವುದಿಲ್ಲ ಅಂದರೆ ಪಕ್ಕದ ಅಂಗಡಿ ಇದೆಯಲ್ಲ.

ಹೀಗೆ ನಡೆಸಿ:

1. ಲೆನ್ಸ್ ಮೇಲೆ ಯುವಿ ಫಿಲ್ಟರ್ ಇದ್ದರೆ ತೆಗೆಯಿರಿ. ಅಂಗಡಿಯ ಗಾಜಿನ ಬಾಗಿಲಿನ ಮೂಲಕ ತೆಗೆಯಬೇಡಿ, ಹೊರಗೆ ಬನ್ನಿ.

2. ಉದ್ದದ ತುದಿಗೆ ಹಾಕಿ, ಅಪರ್ಚರ್ ಪೂರ್ತಿ ತೆರೆಯಿರಿ. ರಸ್ತೆಯಾಚೆಯ ಚಪ್ಪಟೆ ಬೋರ್ಡಿಗೆ ನೇರ ಎದುರು ನಿಲ್ಲಿ. ಶಟರ್ 1/1000ಕ್ಕಿಂತ ಚುರುಕು ಇರಲಿ. ಬೋರ್ಡಿನ ಅಕ್ಷರವನ್ನು ನಡುವೆ ಇಟ್ಟು ಒಂದು, ನಾಲ್ಕು ಮೂಲೆಯಲ್ಲಿ ಇಟ್ಟು ನಾಲ್ಕು. ಪ್ರತಿ ಸಲ ಫೋಕಸ್ ಅದೇ ಅಕ್ಷರದ ಮೇಲಿರಲಿ.

3. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ. ನಾಲ್ಕೂ ಮೂಲೆ ಸ್ವಲ್ಪ ಮೆದುವಾಗಿದ್ದರೆ ಪರವಾಗಿಲ್ಲ. ಒಂದೇ ಬದಿ ಮಸುಕು, ಉಳಿದದ್ದು ಚೂಪು ಅಂದರೆ ಒಳಗಿನ ಗಾಜು ವಾರೆಯಾಗಿದೆ. ಆ ಲೆನ್ಸ್ ಬೇಡ. ಅದೇ ಮಾಡೆಲಿನ ಬೇರೆ ಡಬ್ಬಿ ತೆಗೆಸಿ.

4. ಡಿಎಸ್‌ಎಲ್‌ಆರ್ ಇದ್ದವರು ಅದೇ ಬೋರ್ಡನ್ನು ಕಿಂಡಿಯಲ್ಲಿ ನೋಡಿ ಒಮ್ಮೆ, ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ, ಒಮ್ಮೆ ತೆಗೆಯಿರಿ. ಲೈವ್ ವ್ಯೂನದ್ದು ಚೂಪು, ಕಿಂಡಿಯದ್ದು ಮಸುಕು ಅಂದರೆ ಫೋಕಸ್ ಹಿಂದೆ ಮುಂದೆ ಬೀಳುತ್ತಿದೆ. ನಿಕಾನ್ ಡಿ7200, ಕ್ಯಾನನ್ 80ಡಿಯಂಥ ಬಾಡಿಯಲ್ಲಿ ಇದನ್ನು ತಿದ್ದಬಹುದು. ಡಿ5600, 200ಡಿಯಲ್ಲಿ ಆ ಸೌಲಭ್ಯವೇ ಇಲ್ಲ. ಅಲ್ಲಿ ಡಾಕ್ ಹಾಕುವ ಥರ್ಡ್ ಪಾರ್ಟಿ ಲೆನ್ಸೇ ಮೇಲು. ಸಿಗ್ಮಾ ಡಾಕ್ ಜೂಮ್ ಲೆನ್ಸಿನ ನಾಲ್ಕು ಉದ್ದ, ನಾಲ್ಕು ದೂರ, ಒಟ್ಟು 16 ಕಡೆ ತಿದ್ದಲು ಬಿಡುತ್ತದೆ. ಕಂಪನಿ ಲೆನ್ಸಾದರೆ ಬಾಡಿ, ಲೆನ್ಸ್ ಎರಡನ್ನೂ ಸರ್ವಿಸ್ ಸೆಂಟರಿಗೆ ಒಯ್ಯಬೇಕು. ಮಿರರ್‌ಲೆಸ್ ಬಾಡಿಯವರು ಈ ನಾಲ್ಕನೆಯದನ್ನು ಬಿಡಿ.

5. ಸ್ಟೆಬಿಲೈಸರ್ ಹಾಕಿ, 400ರಲ್ಲಿ 1/60 ಇಟ್ಟು ಹತ್ತು ಫೋಟೋ. ಏಳು ಚೂಪಾದರೆ ನನಗೆ ಸಾಕು. ನಾಲ್ಕಕ್ಕಿಂತ ಕಡಿಮೆಯಾದರೆ ಇನ್ನೊಂದು ಡಬ್ಬಿಯದ್ದನ್ನೂ ನೋಡಿ. ಎರಡರಲ್ಲೂ ಹಾಗೇ ಆದರೆ ನಿಮ್ಮ ಕೈಯದ್ದು.

6. ಲೆನ್ಸನ್ನು ನೆಲದ ಕಡೆ ತಿರುಗಿಸಿ ಹಿಡಿಯಿರಿ. ತಾನೇ ಜಾರಿ ಉದ್ದವಾದರೆ ಲಾಕ್ ಇದೆಯೇ, ಕೆಲಸ ಮಾಡುತ್ತದೆಯೇ ನೋಡಿ.

7. ಹತ್ತಿರದ ದಿನಪತ್ರಿಕೆಯಿಂದ ದೂರದ ಬೋರ್ಡಿಗೆ, ಮತ್ತೆ ಪತ್ರಿಕೆಗೆ ಫೋಕಸ್ ಮಾಡಿಸಿ. ಅತ್ತಿತ್ತ ತಡಕಾಡಿ ನಿಲ್ಲುವುದೇ ಇಲ್ಲ ಅಂದರೆ ಮುಂದೆ ಹಾರುವ ಹಕ್ಕಿಗೆ ಅದೇ ಗತಿ.

ಲೆನ್ಸನ್ನು ಬಾಡಿಯಿಂದ ತೆಗೆದು ಅಲ್ಲಾಡಿಸಿದಾಗ ಒಳಗೆ ಮೆಲ್ಲಗೆ ಕಟಕಟ ಅಂದರೆ ಗಾಬರಿ ಬೇಡ. ಕೆಲವು ಸ್ಟೆಬಿಲೈಸರ್ ಲೆನ್ಸುಗಳಲ್ಲಿ ಅದು ಸಹಜ.

ಹಂತ 8: ಬಿಲ್, ವಾರಂಟಿ, ಸರ್ವಿಸ್

ಬೆಲೆ ಕೇಳುವ ಹೊತ್ತು ಈಗ ಬಂತು. ಕೇಳಿದ ಕೂಡಲೇ ಅಂಗಡಿಯವರು ತಿರುಗಿ ಕೇಳುವ ಪ್ರಶ್ನೆ: "ಬಿಲ್ ಬೇಕಾ, ಬೇಡ್ವಾ?" ಈ ಪ್ರಶ್ನೆಗೆ ನಾನು ಒಮ್ಮೆ "ಬೇಡ" ಅಂದಿದ್ದೆ. ಎಂಟು ತಿಂಗಳಲ್ಲಿ ಸ್ಟೆಬಿಲೈಸರ್ ಗರಗರ ಅನ್ನತೊಡಗಿತು. ಸರ್ವಿಸ್‌ನವರು ನಂಬರ್ ನೋಡಿ, ಇದು ಇಲ್ಲಿಗೆ ಅಧಿಕೃತವಾಗಿ ಬಂದ ಮಾಲಲ್ಲ ಅಂತ ವಾಪಸ್ ಕೊಟ್ಟರು. ಉಳಿಸಿದ್ದಕ್ಕಿಂತ ರಿಪೇರಿಗೆ ಜಾಸ್ತಿ ಹೋಯಿತು.

ಜಿಎಸ್‌ಟಿ ಬಿಲ್ ತಗೊಳ್ಳಿ. ಡಬ್ಬಿ, ಲೆನ್ಸಿನ ಮೈ, ವಾರಂಟಿ ಕಾರ್ಡ್, ಬಿಲ್, ಈ ನಾಲ್ಕರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. ಥರ್ಡ್ ಪಾರ್ಟಿ ಲೆನ್ಸಾದರೆ ಇನ್ನೂ ಎರಡು ಪ್ರಶ್ನೆ ಕೇಳಿ. ಭಾರತದಲ್ಲಿ ಇದರ ವಿತರಕರು ಯಾರು? ಕೆಟ್ಟರೆ ಮುಂಬಯಿಯಲ್ಲೇ ನೋಡುತ್ತಾರೋ, ಬೇರೆ ಊರಿಗೆ ಕೊರಿಯರ್ ಮಾಡಬೇಕೋ? ಉತ್ತರ ತಡವರಿಸಿದರೆ ಆ ಲೆನ್ಸಿನ ನಿಜವಾದ ಬೆಲೆ ಇನ್ನೂ ಸ್ವಲ್ಪ ಜಾಸ್ತಿ ಅಂತಲೇ ಲೆಕ್ಕ.

"ದುಬೈಯಿಂದ ಭಾವ ತರ್ತಾರೆ" ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ತರಲಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಅಂತ ಆ ಕಂಪನಿಯ ಇಲ್ಲಿನ ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ. ಏಳನೇ ಹಂತದ ಪರೀಕ್ಷೆ ಮಾಡಲು ಭಾವನಿಗೆ ಆಗುವುದಿಲ್ಲ ಅನ್ನುವುದೂ ಗೊತ್ತಿರಲಿ.

ಕೊನೆಗೆ ಪೂರ್ತಿ ಲೆಕ್ಕ ಕೂಡಿಸಿ. ಲೆನ್ಸ್, ಬೇಕಾದರೆ ಡಾಕ್, ಅಡಾಪ್ಟರ್. 600ರ ಲೆನ್ಸುಗಳ ಬಾಯಿ ದೊಡ್ಡದು, ಬಹಳಷ್ಟಕ್ಕೆ 95 ಎಂಎಂ ಫಿಲ್ಟರ್ ಬೇಕು, ಅದೂ ಅಗ್ಗವಲ್ಲ. ಕಂಪನಿ ಲೆನ್ಸಿಗೂ ಥರ್ಡ್ ಪಾರ್ಟಿಗೂ ಇದ್ದ ಅಂತರ ಈ ಕೂಡುಲೆಕ್ಕದಲ್ಲಿ ಎಷ್ಟೋ ಸಲ ಕರಗಿ ಹೋಗುತ್ತದೆ.

ಹಂತ 9: ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಹಾಕಿ

ಮುಂಬಯಿ, ಗೋವಾದ ಹಳೇ ಲೆನ್ಸಿಗೆ ದೊಡ್ಡ ಶತ್ರು ಫಂಗಸ್. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು, ಮುಂದಿನಿಂದ ವಾರೆಯಾಗಿ ನೋಡಿ. ಸಣ್ಣ ಧೂಳಿನ ಚುಕ್ಕೆ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯ ಎಳೆಯಂಥದ್ದು, ಅಥವಾ ಗಾಜಿನ ಮೇಲೆ ಹಾಲು ಚೆಲ್ಲಿದ ಹಾಗೆ ಮಬ್ಬು ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ. "ಕ್ಲೀನ್ ಮಾಡಿಸಿದ್ರೆ ಹೋಗುತ್ತೆ" ಅನ್ನುತ್ತಾರೆ. ಲೇಪವನ್ನು ತಿಂದಿದ್ದರೆ ಗುರುತು ಉಳಿಯುತ್ತದೆ.

ಹೊಚ್ಚ ಹೊಸ ಸ್ಕ್ರೂ, ಅದರ ತಲೆಯ ಮೇಲೆ ಗೀರು ಕಂಡರೆ ಯಾರೋ ಬಿಚ್ಚಿದ್ದಾರೆ. ಹುಡ್ (ಲೆನ್ಸಿನ ಮುಂದಿನ ನೆರಳಿನ ಕೊಳವೆ) ಇಲ್ಲ, ಕಾಲರ್ ಇಲ್ಲ ಅಂದರೆ ಅದರ ದುಡ್ಡು ಮುರಿದು ಕೊಡಿ. ಏಳನೇ ಹಂತದ ಎಲ್ಲ ಪರೀಕ್ಷೆ ಇಲ್ಲೂ ಮಾಡಿ. ಮಾರುವವರು ನಿಲ್ದಾಣದ ಸೇತುವೆ ಮೇಲೆ ಸಿಗೋಣ ಅಂದರೆ ಬೇಡ. ಮನೆಯಲ್ಲೋ, ಬೆಳಕಿರುವ ಹೋಟೆಲಿನಲ್ಲೋ ಕೂರಿ.

ಹಂತ 10: ಮನೆಗೆ ತಂದ ಮೇಲೆ

ಮೊದಲ ವಾರ ದಿನಾ ಬಳಸಿ. ಬದಲಿಸಿ ಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ ಮಾಡಿಸುವಾಗಲೇ ಕೇಳಿ, ಅಷ್ಟರೊಳಗೆ ದೋಷ ಹಿಡಿಯಿರಿ. ಥರ್ಡ್ ಪಾರ್ಟಿ ಲೆನ್ಸ್ ಇದ್ದವರು ಬಾಡಿಗೆ ಹೊಸ ಫರ್ಮ್‌ವೇರ್ ಬಂದ ತಕ್ಷಣ ಹಾಕಬೇಡಿ. ಲೆನ್ಸ್ ಕಂಪನಿ ಅದರ ಬಗ್ಗೆ ಏನಾದರೂ ಹೇಳಿದೆಯೇ ನೋಡಿ, ಎರಡು ವಾರ ತಡೆದು ಹಾಕಿ.

ಜೂನ್ ಬರುವ ಮುಂಚೆ ಡ್ರೈ ಬಾಕ್ಸ್ ತಂದಿಡಿ. ಕರೆಂಟಿನದ್ದು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಬದಲಿಸಿ. ಅಕ್ಕಿಯ ಡಬ್ಬದಲ್ಲಿ ಹೂತಿಡುವ ಸಲಹೆ ಕೇಳಬೇಡಿ, ಅಕ್ಕಿಯ ಹುಡಿ ಉಂಗುರದೊಳಗೆ ಹೋಗುತ್ತದೆ. ಬಟ್ಟೆಯ ಚೀಲದಲ್ಲಿ ಕಪಾಟಿಗೆ ಸೇರಿಸುವುದು ಇನ್ನೂ ಕೆಟ್ಟದ್ದು.

ಮಳೆಗಾಲ ಪೂರ್ತಿ ಲೆನ್ಸನ್ನು ಮಲಗಿಸಬೇಡಿ, ವಾರಕ್ಕೊಮ್ಮೆ ಹೊರಗೆ ತೆಗೆಯಿರಿ. ಹಕ್ಕಿಗಳಿಲ್ಲದಿದ್ದರೇನು, ಕರಾವಳಿಯ ಯಕ್ಷಗಾನ ತಂಡಗಳು ಮುಂಬಯಿ ಸುತ್ತಲು ಬರುವುದು ಆ ತಿಂಗಳುಗಳಲ್ಲೇ. ಸಂಘಟಕರ ಹತ್ತಿರ ಮೊದಲೇ ಮಾತಾಡಿ, ಭಾಗವತರ ಎದುರಿನ ಬದಿಯಲ್ಲಿ, ಮೂರನೇ ಸಾಲಿನ ಕೊನೆಯ ಕುರ್ಚಿ ಕೇಳಿಕೊಳ್ಳಿ.